ಲಾನ್ ಮೂವರ್ ಸ್ಟಾರ್ಟ್ ಆಗ್ತಿಲ್ವಾ? ಕೊನೇ ಸಲ ಅದು ಹೇಗೆ ನಿಂತಿತು ಅಂತ ಮೊದ್ಲು ನೆನಪು ಮಾಡ್ಕೊಳ್ಳಿ

ಪ್ಲಗ್ ಹೊಸದು ಹಾಕಿದೀನಿ, ಟ್ಯಾಂಕ್ ತುಂಬಾ ಪೆಟ್ರೋಲ್ ಇದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ. ಹುಲ್ಲು ಕತ್ತರಿಸೋ ಮೆಷಿನ್ ಬಗ್ಗೆ ಯಾರೇ ನನ್ನನ್ನ ಕೇಳಿದ್ರೂ ಮಾತು ಶುರುವಾಗೋದು ಹೀಗೇನೆ, ನಾನು ತಿರುಗಿ ಕೇಳೋದೂ ಯಾವಾಗ್ಲೂ ಒಂದೇ ಪ್ರಶ್ನೆ, ಕೊನೇ ಸಲ ಅದು ನಿಂತಿದ್ದು ಹೇಗೆ? ನೀವೇ ಆಫ್ ಮಾಡಿ ಇಟ್ಟಿದ್ದಾ, ಓಡ್ತಾ ಓಡ್ತಾ ತಾನಾಗೇ ನಿಂತಿದ್ದಾ, ಏನಕ್ಕಾದ್ರೂ ಗುದ್ದಿ ನಿಂತಿದ್ದಾ, ಇಲ್ಲ ಕ್ಲೀನ್ ಮಾಡೋಕೆ ಅಂತ ಮಗುಚಿ ಹಾಕಿದ್ರಾ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿಬಿಟ್ರೆ ಅರ್ಧ ರಿಪೇರಿ ಸ್ಪ್ಯಾನರ್ ಮುಟ್ಟದೇನೇ ಮುಗಿದಿರತ್ತೆ, ಯಾಕಂದ್ರೆ ಇದು ತುಂಬಾ ಸಣ್ಣ ಇಂಜಿನ್, ಒಂದೇ ಸಿಲಿಂಡರ್, ಪೆಟ್ರೋಲ್ ಹತ್ತಿಸೋಕೆ ಕಿಡಿ ಕೊಡೋ ಒಂದೇ ಪ್ಲಗ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇರಲ್ಲ, ಕೆಡೋಕೆ ಇರೋ ದಾರಿಗಳೇ ಕಮ್ಮಿ, ಮತ್ತೆ ಪ್ರತಿಯೊಂದು ದಾರಿನೂ ಬೇರೆ ಬೇರೆ ಗುರುತು ಬಿಟ್ಟು ಹೋಗಿರತ್ತೆ.

ಇದನ್ನ ಇಷ್ಟು ಉದ್ದ ಬರೀತಿರೋದಕ್ಕೆ ಕಾರಣ ಇದೆ. ಚೆನ್ನಾಗಿರೋ ಮೆಷಿನ್‌ಗಳನ್ನ ಜನ ಗುಜರಿಗೆ ಹಾಕೋದನ್ನ ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಕೂದಲೆಳೆ ಗಾತ್ರದ ಒಂದು ತೂತು ಕಟ್ಕೊಂಡಿದೆ ಅನ್ನೋ ಒಂದೇ ಕಾರಣಕ್ಕೆ, ಇನ್ನೂ ಎಷ್ಟೋ ವರ್ಷ ಓಡಬೇಕಿದ್ದ ಇಂಜಿನ್ ಹೊರಗೆ ಬಿದ್ದಿರತ್ತೆ. ಅದಕ್ಕೇ ನನಗೆ ಗೊತ್ತಿರೋದನ್ನ ಒಂದು ಕಡೆ ಬರೆದಿಡ್ತೀನಿ.

ಏನು ಮಾಡೋಕೂ ಮುಂಚೆ ಪ್ಲಗ್ ಮೇಲಿರೋ ರಬ್ಬರ್ ಕ್ಯಾಪ್ ಎಳೆದು ಬಿಚ್ಚಿ, ವೈರನ್ನ ಪ್ಲಗ್‌ಗೆ ತಾಗದ ಹಾಗೆ ದೂರ ಸರಿಸಿಡಿ. ಮೆಷಿನ್ ಕೆಳಗಡೆ ಕೈ ಹಾಕೋದಾದ್ರೆ, ಬ್ಲೇಡ್ ಮುಟ್ಟೋದಾದ್ರೆ, ಇದು ಆಗಲೇಬೇಕು. ಈ ಇಂಜಿನ್‌ಗೆ ಕಿಡಿ ಹೊಡೆಯೋಕೆ ಬ್ಯಾಟರಿ ಬೇಡ. ಇಂಜಿನ್ ಜೊತೆ ತಿರುಗೋ ಭಾರದ ಚಕ್ರ ಇರತ್ತೆ, ಅದೇ ಫ್ಲೈವೀಲ್, ಅದರಲ್ಲಿರೋ ಮ್ಯಾಗ್ನೆಟ್ ಕಾಯಿಲ್ ಅನ್ನೋ ತಂತಿ ಸುರುಳಿ ಪಕ್ಕದಲ್ಲಿ ಜೋರಾಗಿ ಹಾದು ಹೋದ್ರೆ ಸಾಕು, ಕರೆಂಟ್ ಹುಟ್ಟತ್ತೆ. ಬ್ಲೇಡ್ ಕ್ರ್ಯಾಂಕಿಗೇ, ಅಂದ್ರೆ ಪಿಸ್ಟನ್ ತಿರುಗಿಸೋ ಶಾಫ್ಟಿಗೇ, ನೇರವಾಗಿ ಕೂತಿರೋದ್ರಿಂದ ಬ್ಲೇಡ್ ತಿರುಗಿಸೋದು ಅಂದ್ರೆ ಇಂಜಿನ್ನನ್ನೇ ತಿರುಗಿಸೋದು. ನಿಂತಿರೋ ಮೆಷಿನ್ ಏನ್ ಮಾಡತ್ತೆ ಅಂದ್ಕೊಂಡು ಬೆರಳು ಕಳ್ಕೋಬೇಡಿ.

ಈಗ ಮೊದಲನೇ ಕಥೆ, ಅತಿ ಹೆಚ್ಚು ಸಲ ಸಿಗೋದು ಇದೇ. ಹೋದ ಸೀಸನ್‌ನಲ್ಲಿ ಚೆನ್ನಾಗೇ ಓಡ್ತಿತ್ತು, ಹಾಗೇ ತಂದು ಮೂಲೇಲಿ ನಿಲ್ಸಿದ್ವಿ, ಈಗ ತೆಗೆದ್ರೆ ಸ್ಟಾರ್ಟ್ ಆಗ್ತಿಲ್ಲ. ಇಲ್ಲಿ ಪ್ಲಗ್ ಬಗ್ಗೆ ಯೋಚನೆನೇ ಮಾಡಬೇಡಿ, ಪೆಟ್ರೋಲ್ ಕಡೆ ಹೋಗಿ. ಸುಮ್ನೆ ನಿಂತಿದ್ದ ಮೆಷಿನ್‌ನಲ್ಲಿ ಪ್ಲಗ್ ತಾನಾಗೇ ಸಾಯೋದು ಅಪರೂಪ, ಪೆಟ್ರೋಲ್ ಮಾತ್ರ ಖಂಡಿತ ಹಾಳಾಗತ್ತೆ. ಈ ಸಣ್ಣ ಇಂಜಿನ್ ತಯಾರಕರು ಸಾಮಾನ್ಯವಾಗಿ ಹೇಳೋ ಲೆಕ್ಕ 30 ದಿನ, ಅಷ್ಟರೊಳಗೆ ಬಳಸಿ ಮುಗಿಸಿ, ಇಲ್ಲ ಪೆಟ್ರೋಲ್ ಬೇಗ ಕೆಡದ ಹಾಗೆ ಕಾಯೋ ಸ್ಟೆಬಿಲೈಜರ್ ಹಾಕಿಡಿ ಅಂತ. ಪೆಟ್ರೋಲ್‌ನಲ್ಲಿ ಬೇಗ ಹಾರಿ ಹೋಗೋ ಹಗುರ ಭಾಗ ಇರತ್ತಲ್ಲ, ತಣ್ಣಗಿರೋ ಇಂಜಿನ್ ಹತ್ಕೊಳ್ಳೋಕೆ ಬೇಕಾಗಿರೋದು ಅದೇ, ಮೊದ್ಲು ಹೋಗೋದೂ ಅದೇ. ಉಳಿದಿದ್ದು ನಿಧಾನಕ್ಕೆ ಗಾಳಿ ಜೊತೆ ಸೇರಿ ಅಂಟಾಗಿ ವಾರ್ನಿಶ್ ತರ ಒಳಗೆಲ್ಲಾ ಕಚ್ಕೊಳ್ಳತ್ತೆ. ಎಥೆನಾಲ್ ಬೆರೆಸಿರೋ ಪೆಟ್ರೋಲ್ ಆದ್ರೆ ಇನ್ನೊಂದು ತಾಪತ್ರಯ ಇದೆ, ಎಥೆನಾಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ಒಂದು ಮಟ್ಟ ದಾಟಿದ್ಮೇಲೆ ನೀರು ಮತ್ತೆ ಎಥೆನಾಲ್ ಎರಡೂ ಒಟ್ಟಿಗೆ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳೀತವೆ, ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಇಂಜಿನ್‌ಗೆ ಕೊಡೋ ಕಾರ್ಬೊರೇಟರ್‌ಗೆ ಮೊದ್ಲು ಹೋಗೋದು ತಳದಲ್ಲಿರೋದೇ. ಬಹಳಷ್ಟು ಮೂವರ್ ಇಂಜಿನ್‌ಗಳ ಮ್ಯಾನುಯಲ್‌ನಲ್ಲಿ ಎಥೆನಾಲ್ 10 ಪರ್ಸೆಂಟ್ ದಾಟಬಾರದು ಅಂತ ಬರೆದಿರೋದಕ್ಕೆ ಇದೂ ಒಂದು ಕಾರಣ.

ಚೆಕ್ ಮಾಡೋದು ಸುಲಭ. ಟ್ಯಾಂಕಿಂದ ಸ್ವಲ್ಪ ಪೆಟ್ರೋಲ್ ಒಂದು ಗಾಜಿನ ಬಾಟ್ಲಿಗೆ ತೆಗೆದು ಬೆಳಕಿಗೆ ಹಿಡೀರಿ. ಕಂದು ಬಣ್ಣಕ್ಕೆ ತಿರುಗಿದ್ರೆ, ಪೆಟ್ರೋಲ್ ವಾಸನೆ ಬಿಟ್ಟು ಹುಳಿ ಹುಳಿ ಪೇಂಟ್ ವಾಸನೆ ಬರ್ತಿದ್ರೆ, ಅಥವಾ ತಳದಲ್ಲಿ ಬೇರೆ ಪದರ ಕಾಣಿಸಿದ್ರೆ ಅದನ್ನ ಪೂರ್ತಿ ಖಾಲಿ ಮಾಡಿ. ಹಳೇದಕ್ಕೆ ಹೊಸದು ಬೆರೆಸಿದ್ರೆ ಹಳೇದು ಸರಿ ಹೋಗಲ್ಲ, ಹೊಸದೂ ಕೆಡತ್ತೆ. ಸ್ಟೆಬಿಲೈಜರ್ ಕೂಡ ಹೊಸ ಪೆಟ್ರೋಲನ್ನ ಕಾಪಾಡತ್ತೆ ಅಷ್ಟೇ, ಕೆಟ್ಟಿದ್ದನ್ನ ವಾಪಸ್ ತರಲ್ಲ. ತೆಗೆದಿದ್ದನ್ನ ದಯವಿಟ್ಟು ಚರಂಡಿಗೋ ಮಣ್ಣಿಗೋ ಸುರೀಬೇಡಿ, ಮುಚ್ಚಳ ಇರೋ ಕ್ಯಾನ್‌ನಲ್ಲಿ ಹಾಕಿ, ಅದನ್ನ ತಗೊಳ್ಳೋ ಕಡೆ ಕೊಡಿ.

ಹೊಸ ಪೆಟ್ರೋಲ್ ಹಾಕಿದ್ಮೇಲೂ ಆಗ್ಲಿಲ್ಲ ಅಂದ್ರೆ ಒಂದು ಟೆಸ್ಟ್ ಮಾಡಿ, ನನಗೆ ಇದಕ್ಕಿಂತ ಭರವಸೆ ಇರೋ ಟೆಸ್ಟ್ ಇನ್ನೊಂದಿಲ್ಲ. ಗಾಳಿ ಕಮ್ಮಿ ಮಾಡೋ ಚೋಕ್ ಹಾಕಿ, ಪೆಟ್ರೋಲ್ ಒಳಗೆ ತಳ್ಳೋ ರಬ್ಬರ್ ಗುಂಡಿ, ಅಂದ್ರೆ ಪ್ರೈಮರ್ ಬಲ್ಬ್ ಇದ್ರೆ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸಲ ಒತ್ತಿ, ಸಾಮಾನ್ಯವಾಗಿ 3 ರಿಂದ 5 ಸಲ ಇರತ್ತೆ, ಆಮೇಲೆ ನಾಲ್ಕೈದು ಸಲ ಹಗ್ಗ ಜೋರಾಗಿ ಎಳೆದು ತಕ್ಷಣ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ತುದಿ ಒಣಗಿದ್ರೆ ಸಿಲಿಂಡರ್‌ಗೆ ಪೆಟ್ರೋಲ್ ಬರ್ತಾನೇ ಇಲ್ಲ. ಪೆಟ್ರೋಲ್‌ನಲ್ಲಿ ನೆಂದಿದ್ರೆ ಪೆಟ್ರೋಲ್ ಬರ್ತಿದೆ, ಆದ್ರೆ ಹತ್ಕೊಳ್ತಿಲ್ಲ. ಜಿಡ್ಡು ಜಿಡ್ಡಾಗಿ ಕಪ್ಪಗಿದ್ರೆ ಆಯಿಲ್ ಮೇಲೆ ಬಂದಿದೆ. ಒಣ ಮಸಿ ಕೂತಿದ್ರೆ ಪೆಟ್ರೋಲ್ ಜಾಸ್ತಿ ಗಾಳಿ ಕಮ್ಮಿ, ಅಂದ್ರೆ ಚೋಕ್ ತೆರೀತಿಲ್ಲ, ಇಲ್ಲ ಏರ್ ಫಿಲ್ಟರ್ ಕಟ್ಟಿದೆ. ಗ್ಯಾರೇಜ್‌ಗಳಲ್ಲಿ ಮೊದಲು ಕೇಳೋದೇ ಪೆಟ್ರೋಲ್ ಬರ್ತಿದ್ಯಾ, ಕರೆಂಟ್ ಬರ್ತಿದ್ಯಾ ಅಂತ. ಒಂದು ಪ್ಲಗ್ ಬಿಚ್ಚಿದ್ರೆ ಅರ್ಧ ಉತ್ತರ ಕೈಗೇ ಸಿಗತ್ತೆ.

ಒಣಗಿತ್ತು ಅಂದ್ಕೊಳ್ಳಿ. ಕಾರ್ಬೊರೇಟರ್‌ಗೆ ಕೈ ಹಾಕೋಕೂ ಮುಂಚೆ ಪೆಟ್ರೋಲ್ ಹರಿಯೋ ದಾರಿ ನೋಡ್ಕೊಂಡು ಬನ್ನಿ. ಪೆಟ್ರೋಲ್ ಕಾಕ್ ಇರೋ ಮಾಡೆಲ್ ಆದ್ರೆ ಅದು ಆನ್ ಇದ್ಯಾ, ಕಾರ್ಬೊರೇಟರ್ ಹತ್ರ ಪೈಪ್ ಬಿಚ್ಚಿದ್ರೆ ಧಾರಾಳವಾಗಿ ಹರೀತಿದ್ಯಾ, ಪೈಪ್ ಬಿರುಕು ಬಿಟ್ಟಿದ್ಯಾ, ಮಧ್ಯದಲ್ಲಿ ಫಿಲ್ಟರ್ ಇದ್ರೆ ಕಟ್ಟಿದ್ಯಾ, ಪ್ರೈಮರ್ ಬಲ್ಬ್ ಒಡೆದು ಬರೀ ಗಾಳಿ ಎಳೀತಿದ್ಯಾ. ಇಲ್ಲೆಲ್ಲಾ ಪೆಟ್ರೋಲ್ ಸರಿಯಾಗಿ ಬರ್ತಿದ್ದು ಸಿಲಿಂಡರ್ ಒಳಗೆ ಮಾತ್ರ ಬರ್ತಿಲ್ಲ ಅಂದ್ರೆ ತಪ್ಪು ಕಾರ್ಬೊರೇಟರ್‌ದು, ಅದರಲ್ಲೂ ಹೆಚ್ಚಾಗಿ ಜೆಟ್‌ದು, ಅಂದ್ರೆ ಪೆಟ್ರೋಲ್ ಅಳತೆಯಾಗಿ ಹೋಗೋ ಸಣ್ಣ ತೂತಿರೋ ಭಾಗದ್ದು.

ಕಾರ್ಬೊರೇಟರ್ ಅಂದ ತಕ್ಷಣ ಜನ ಹೆದರ್ತಾರೆ, ಹೆದರೋ ಅಂಥದ್ದೇನೂ ಅಲ್ಲ. ಕೆಳಗಡೆ ಒಂದು ಬಟ್ಟಲು ಇರತ್ತೆ, ಅದನ್ನ ಹಿಡಿದಿರೋದು ಒಂದೇ ಬೋಲ್ಟ್. ಕಾಕ್ ಮುಚ್ಚಿ, ಕಾಕ್ ಇಲ್ಲದಿದ್ರೆ ಪೈಪನ್ನ ಮೆತ್ತಗೆ ಕ್ಲಿಪ್ ಹಾಕಿ ಅದುಮಿ, ಕೆಳಗೆ ಒಂದು ತಟ್ಟೆ ಇಟ್ಟು ಆ ಬೋಲ್ಟ್ ಬಿಚ್ಚಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹತ್ರ ಬೆಂಕಿ ಇರಬಾರದು, ಸಿಗರೇಟ್ ಇರಬಾರದು, ಬಯಲಲ್ಲೇ ಮಾಡಿ. ಬಟ್ಟಲು ಕೈಗೆ ಬಂದಾಗ ಅದರ ತಳ ನೋಡಿ, ನೀರಿನ ಗುಳ್ಳೆಗಳು ಉರುಳಾಡ್ತಿರಬಹುದು, ಬಿಳಿ ಪುಡಿ ಕೂತಿರಬಹುದು, ಇಲ್ಲ ಹಸಿರು ಮಿಶ್ರ ಅಂಟು ಇರಬಹುದು. ಕೆಲವು ಮಾಡೆಲ್‌ಗಳಲ್ಲಿ ಆ ಬೋಲ್ಟೇ ಜೆಟ್ಟು, ಅದರ ಮೈಯಲ್ಲೇ ಸಣ್ಣ ಸಣ್ಣ ತೂತು ಇರತ್ತೆ, ಗೊತ್ತಿಲ್ಲದವರು ಬೋಲ್ಟ್ ಪಕ್ಕಕ್ಕಿಟ್ಟು ಜೆಟ್ ಎಲ್ಲಿದೆ ಅಂತ ಮೇಲೆ ಹುಡುಕ್ತಾರೆ. ಬೇರೆ ಮಾಡೆಲ್‌ಗಳಲ್ಲಿ ಮಧ್ಯದ ಕಂಬದೊಳಗೆ ಹಿತ್ತಾಳೆ ಜೆಟ್ ಇರತ್ತೆ, ಸರಿಯಾಗಿ ಕೂರೋ ಚಪ್ಪಟೆ ಸ್ಕ್ರೂಡ್ರೈವರ್ ಬೇಕು, ಸಡಿಲ ಇರೋದನ್ನ ಹಾಕಿದ್ರೆ ಹಿತ್ತಾಳೆ ಕಿತ್ತು ಬರತ್ತೆ. ಜೆಟ್ ಹಿಂದೆ ಮೈ ತುಂಬಾ ತೂತಿರೋ ಒಂದು ಕೊಳವೆ ಇರತ್ತೆ, ಅದನ್ನೂ ಹೊರಗೆ ತೆಗೀರಿ, ಬಹಳ ಜನ ಜೆಟ್ ಮಾತ್ರ ತೊಳೆದು ಇದನ್ನ ಬಿಟ್ಟುಬಿಡ್ತಾರೆ.

ಜೆಟ್ ಕಣ್ಣಿಗೆ ಹಿಡಿದು ಬೆಳಕಿನ ಕಡೆ ನೋಡಿ. ತೂತು ಪೂರ್ತಿ ದುಂಡಗೆ ಕಾಣಬೇಕು. ಬೆಳಕು ಕಾಣಿಸ್ತು ಅಂದ್ರೆ ಸಾಕು ಅಂತಲ್ಲ, ಅಂಚಿನಲ್ಲಿ ವಾರ್ನಿಶ್ ಕಟ್ಟಿ ತೂತು ಕಿರಿದಾಗಿದ್ರೂ ಇಂಜಿನ್ ಹತ್ಕೊಳ್ಳಲ್ಲ, ಹತ್ಕೊಂಡ್ರೂ ಚೋಕ್ ತೆಗೆದ ತಕ್ಷಣ ಸಾಯತ್ತೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೀರಿ, ಕನ್ನಡಕ ಹಾಕ್ಕೊಂಡೇ ಹೊಡೀರಿ, ಒಂದು ತೂತಿಗೆ ಹೊಡೆದ್ರೆ ಇನ್ನೊಂದು ತೂತಿಂದ ನೇರ ಮುಖಕ್ಕೇ ಬರತ್ತೆ. ಸ್ಪ್ರೇಗೂ ಮುಂಚೆ ಸೋರದ ಹಾಗೆ ತಡೆಯೋ ರಬ್ಬರ್ ಗ್ಯಾಸ್ಕೆಟ್, ಪೆಟ್ರೋಲ್ ಮಟ್ಟ ಕಾಯೋ ತೇಲು ಬುರುಡೆ ಅಂದ್ರೆ ಫ್ಲೋಟ್, ಅದರ ಸೂಜಿ ಎಲ್ಲಾ ಬಿಚ್ಚಿ ಪಕ್ಕಕ್ಕಿಡಿ, ಆ ಸ್ಪ್ರೇಗೆ ರಬ್ಬರ್ ಉಬ್ಬಿದ್ರೆ ವಾಪಸ್ ಜಾಗದಲ್ಲಿ ಕೂರಲ್ಲ. ಅಂಟು ಬಿಡ್ತಿಲ್ಲ ಅಂದ್ರೆ ಮೆತ್ತನೆ ಕರೆಂಟ್ ವೈರ್ ಸುಲಿದು ಒಳಗಿನ ತಾಮ್ರದ ಒಂದೇ ಒಂದು ಎಳೆ ತಗೊಂಡು ಮೆಲ್ಲಗೆ ಆಡ್ಸಿ. ಸೂಜಿ, ಗುಂಡುಪಿನ್ನು, ಡ್ರಿಲ್ ಬಿಟ್ ಯಾವುದೂ ಬೇಡ. ಜೆಟ್ ತೂತಿನ ಅಳತೆ ಮಿಲಿಮೀಟರ್‌ನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿರತ್ತೆ, ಉಕ್ಕು ತಾಗಿ ಅದು ಒಂಚೂರು ದೊಡ್ಡದಾದ್ರೂ ಇಂಜಿನ್ ಇನ್ಮುಂದೆ ಕಪ್ಪು ಹೊಗೆ ಬಿಡ್ತಾನೇ ಇರತ್ತೆ. ವಾಪಸ್ ಜೋಡಿಸುವಾಗ ಬಟ್ಟಲಿನ ಗ್ಯಾಸ್ಕೆಟ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದ್ಯಾ ನೋಡಿ, ಕಾಕ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಹಗ್ಗ ಎಳೀರಿ. ಸೋರ್ತಿದ್ರೆ ಫ್ಲೋಟ್ ಸೂಜಿ ತುದೀಲಿ ಕಸ ಇದೆ, ಇಲ್ಲ ಅದು ಸವೆದಿದೆ.

ಬಟ್ಟಲೇ ಇಲ್ಲದ, ಟ್ಯಾಂಕ್ ಮೇಲೇ ಕೂತಿರೋ ಹಳೇ ಥರದ ಕಾರ್ಬೊರೇಟರ್‌ಗಳೂ ಇವೆ, ಅದರಲ್ಲಿ ಡಯಾಫ್ರಾಮ್ ಅನ್ನೋ ತೆಳ್ಳನೆ ಪೊರೆ ಇರತ್ತೆ, ವರ್ಷಗಳಾದ್ಮೇಲೆ ಗಟ್ಟಿಯಾಗಿ ಮಡಚಿಕೊಂಡಿರತ್ತೆ. ಅದನ್ನ ತೊಳೆದು ಪ್ರಯೋಜನ ಇಲ್ಲ, ಹೊಸದೇ ಹಾಕ್ಬೇಕು.

ಎರಡನೇ ಕಥೆಗೆ ಬರ್ತೀನಿ, ಇದು ಕೇಳಿದ್ರೆ ಯಾರೂ ಮೊದ್ಲು ಹೇಳಲ್ಲ, ಎರಡ್ಮೂರು ಸಲ ಕೆದಕಿ ಕೇಳಿದ್ರೆ ಹೊರಗೆ ಬರತ್ತೆ. ಹುಲ್ಲು ಕತ್ತರಿಸ್ತಿರುವಾಗ ಕಲ್ಲಿಗೋ ಮರದ ಬೊಡ್ಡೆಗೋ ಬೇರಿಗೋ ಬ್ಲೇಡ್ ಧಡಾರ್ ಅಂತ ಹೊಡೀತು, ಇಂಜಿನ್ ಅಲ್ಲೇ ನಿಂತುಹೋಯ್ತು, ಆಮೇಲಿಂದ ಸ್ಟಾರ್ಟ್ ಆಗ್ತಿಲ್ಲ. ಪೆಟ್ರೋಲ್ ಬರ್ತಿದೆ, ಕಿಡಿನೂ ಬರ್ತಿದೆ, ಪ್ಲಗ್ ನೆನೀತಿದೆ, ಆದ್ರೂ ಇಲ್ಲ. ಇದಕ್ಕೆ ಕಾರಣ ಫ್ಲೈವೀಲ್ ಕೀ. ಫ್ಲೈವೀಲ್ ಮತ್ತೆ ಕ್ರ್ಯಾಂಕ್ ಶಾಫ್ಟ್ ಮಧ್ಯದ ಕಚ್ಚಿನಲ್ಲಿ ಬೆರಳುಗುರಿಗಿಂತ ಚಿಕ್ಕದಾದ ಒಂದು ಮೆತ್ತನೆ ಲೋಹದ ತುಂಡು ಕೂತಿರತ್ತೆ. ಬ್ಲೇಡ್ ಸಡನ್ನಾಗಿ ನಿಂತ್ರೂ ಭಾರದ ಫ್ಲೈವೀಲ್ ತಿರುಗೋ ವೇಗದಲ್ಲೇ ಇರತ್ತಲ್ಲ, ಆ ಜಗ್ಗಾಟದಲ್ಲಿ ಕೀ ಅರ್ಧ ಕತ್ತರಿಸಿಕೊಳ್ಳತ್ತೆ, ಫ್ಲೈವೀಲ್ ಸ್ವಲ್ಪ ಸರಿದು ಕೂರತ್ತೆ. ಮ್ಯಾಗ್ನೆಟ್ ಇರೋದು ಫ್ಲೈವೀಲ್‌ನಲ್ಲೇ ಆದ್ದರಿಂದ ಕಿಡಿ ಹೊಡೆಯೋ ಹೊತ್ತು ಅಷ್ಟೂ ತಪ್ಪಿಹೋಗತ್ತೆ. ಗುರುತು ಏನಂದ್ರೆ ಹಗ್ಗ ಎಳೆದಾಗ ಕೈಯಿಂದ ಕಿತ್ಕೊಂಡು ವಾಪಸ್ ಎಳೆಯತ್ತೆ, ಇಲ್ಲ ಸೈಲೆನ್ಸರ್‌ನಲ್ಲೋ ಕಾರ್ಬೊರೇಟರ್‌ನಲ್ಲೋ ಟಪ್ ಅಂತ ಸದ್ದು ಬರತ್ತೆ.

ಮೇಲಿನ ಕವರ್ ತೆಗೆದು ಫ್ಲೈವೀಲ್ ನಟ್ ಬಿಚ್ಚಿದ್ರೆ ಎಷ್ಟೋ ಸಲ ಫ್ಲೈವೀಲ್ ತೆಗೆಯದೇನೇ ಕಾಣಿಸತ್ತೆ, ಎರಡೂ ಕಡೆ ಕಚ್ಚು ನೇರ ಸಾಲಿನಲ್ಲಿ ಇಲ್ಲ ಅಂತ. ಕೂದಲಷ್ಟು ವ್ಯತ್ಯಾಸ ಇದ್ರೂ ಕೀ ಬದಲಾಯಿಸಿ. ಫ್ಲೈವೀಲ್ ತೆಗೆಯೋಕೆ ಎಳೆದು ಬಿಡಿಸೋ ಪುಲ್ಲರ್ ಅನ್ನೋ ಉಪಕರಣ ಬಳಸಿ, ಶಾಫ್ಟ್ ತಲೆ ಮೇಲೆ ಸುತ್ತಿಗೆಯಿಂದ ಹೊಡೀಬೇಡಿ. ಮತ್ತೆ ದಯವಿಟ್ಟು ಆ ಜಾಗಕ್ಕೆ ಗಟ್ಟಿ ಇರ್ಲಿ ಅಂತ ಉಕ್ಕಿನ ತುಂಡು ಕೊಯ್ದು ಹಾಕಬೇಡಿ, ಮುಂದಿನ ಸಲ ಕಲ್ಲು ಸಿಕ್ಕಾಗ ಕೀ ಬದಲು ಫ್ಲೈವೀಲ್ಲೋ ಕ್ರ್ಯಾಂಕೋ ಮುರಿಯತ್ತೆ. ಕೀ ಹಾಕಿದ್ಮೇಲೆ ಬ್ಲೇಡ್ ಬಾಗಿದ್ಯಾ ಅಂತನೂ ನೋಡಿ, ಕ್ರ್ಯಾಂಕ್ ಬಾಗಿದ್ರೆ ಮೆಷಿನ್ ಸ್ಟಾರ್ಟ್ ಆದ್ರೂ ವಿಪರೀತ ನಡುಗತ್ತೆ, ಅಂಥದ್ದನ್ನ ಓಡಿಸೋದೇ ಅಪಾಯ.

ಮೂರನೇದು ಮಗುಚಿದ ಕಥೆ. ಕೆಳಗೆ ಅಂಟಿರೋ ಹುಲ್ಲು ಕೆರೆಯೋಕೆ ಅಂತ ಮೆಷಿನ್ ಪಕ್ಕಕ್ಕೆ ಮಲಗಿಸ್ತಾರೆ, ಎದ್ದು ನಿಲ್ಸಿದ್ರೆ ಸ್ಟಾರ್ಟ್ ಆಗಲ್ಲ, ಇಲ್ಲ ಹಗ್ಗನೇ ಅಲ್ಲಾಡಲ್ಲ. ಏರ್ ಫಿಲ್ಟರ್ ಇರೋ ಕಡೆ ಕೆಳಗಾದ್ರೆ ಕ್ರ್ಯಾಂಕ್‌ಕೇಸ್ ಅಂದ್ರೆ ಇಂಜಿನ್ ತಳದ ಡಬ್ಬದಲ್ಲಿರೋ ಆಯಿಲ್ ಹರಿದು ಫಿಲ್ಟರ್, ಕಾರ್ಬೊರೇಟರ್, ಸಿಲಿಂಡರ್ ಎಲ್ಲಾ ಕಡೆ ನುಗ್ಗತ್ತೆ. ಆಯಿಲ್ ಅದುಮೋಕಾಗದ ವಸ್ತು, ಪಿಸ್ಟನ್ ಮೇಲೆ ತುಂಬಿದ್ರೆ ಪಿಸ್ಟನ್ ಮೇಲಕ್ಕೆ ಬರೋಕೆ ಜಾಗನೇ ಇರಲ್ಲ. ಇಂಜಿನ್ ಸೀಜ್ ಆಗೋಯ್ತು ಅಂದ್ಕೊಂಡು ಕೈ ಚೆಲ್ಲೋರಿದಾರೆ, ಹಾಗೇನೂ ಆಗಿರಲ್ಲ. ಪ್ಲಗ್ ಬಿಚ್ಚಿ, ಆ ತೂತಿನ ಮುಂದೆ ಯಾರೂ ನಿಲ್ಲದ ಹಾಗೆ ನೋಡ್ಕೊಂಡು, ಹಗ್ಗ ನಿಧಾನಕ್ಕೆ ಎಳೀರಿ, ಆಯಿಲ್ ಹೊರಗೆ ಚಿಮ್ಮತ್ತೆ. ಬರೋದೆಲ್ಲಾ ಬಂದ್ಮೇಲೆ ಪ್ಲಗ್ ಒರೆಸಿ ಹಾಕಿ, ಆಯಿಲ್‌ನಲ್ಲಿ ನೆಂದ ಪೇಪರ್ ಫಿಲ್ಟರ್ ಎಸೆದು ಬೇರೆ ಹಾಕಿ, ಆಯಿಲ್ ಲೆವೆಲ್ ನೋಡಿ. ಸ್ಟಾರ್ಟ್ ಆದ್ಮೇಲೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರತ್ತೆ, ಗಾಬರಿ ಬೇಡ, ಒಳಗಿರೋದು ಸುಟ್ಟು ಹೋಗ್ಲಿ. ಮಲಗಿಸಲೇಬೇಕಾದ್ರೆ ಏರ್ ಫಿಲ್ಟರ್ ಆಕಾಶ ನೋಡೋ ಹಾಗೆ ಮಲಗಿಸಿ.

ಹಗ್ಗ ಬಿಗಿಯಾಗಿರೋದಕ್ಕೆ ಬೇರೆ ಕಾರಣನೂ ಇರಬಹುದು. ಒದ್ದೆ ಹುಲ್ಲು ಬ್ಲೇಡ್ ಸುತ್ತ ಒಣಗಿ ಗಟ್ಟಿಯಾಗಿ ಕಚ್ಕೊಂಡಿರತ್ತೆ, ಇಲ್ಲ ಸೇಫ್ಟಿ ಲಿವರ್ ಹಿಡಿದಿರಲ್ಲ.

ಸೇಫ್ಟಿ ಲಿವರ್ ಅಂದ್ನಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ಬೇಕು. ಹ್ಯಾಂಡಲ್ ಜೊತೆ ಸೇರಿಸಿ ಒತ್ತಿ ಹಿಡಿಯೋ ಕಂಬಿ ಇರತ್ತಲ್ಲ ಅದು. ಕೈ ಬಿಟ್ಟ ತಕ್ಷಣ ಬ್ಲೇಡ್ ನಿಲ್ಲಬೇಕು ಅನ್ನೋದು ಅದರ ಉದ್ದೇಶ, ಅಮೆರಿಕದಲ್ಲಂತೂ ತಳ್ಳೋ ಮೂವರ್‌ಗಳಲ್ಲಿ 3 ಸೆಕೆಂಡ್ ಒಳಗೆ ಬ್ಲೇಡ್ ನಿಲ್ಲಲೇಬೇಕು ಅನ್ನೋ ಸುರಕ್ಷತಾ ನಿಯಮ 1982 ರಿಂದ ಇದೆ. ಲಿವರ್ ಬಿಟ್ಟಾಗ ಎರಡು ಕೆಲಸ ಆಗತ್ತೆ, ಫ್ಲೈವೀಲ್ ಮೇಲೆ ಬ್ರೇಕ್ ಬೀಳತ್ತೆ, ಕಾಯಿಲ್‌ನ ಒಂದು ವೈರ್ ಬಾಡಿಗೆ ತಾಗಿ ಕಿಡಿ ನಿಲ್ಲತ್ತೆ. ಆ ಕೇಬಲ್ ಎಳೆದು ಎಳೆದು ಉದ್ದ ಆಗಿದ್ರೆ ನೀವು ಲಿವರ್ ಪೂರ್ತಿ ಒತ್ತಿದ್ರೂ ಆ ತುದೀಲಿ ಬ್ರೇಕ್ ಬಿಡ್ತಿರಲ್ಲ. ನಿನ್ನೆ ಚೆನ್ನಾಗಿತ್ತು ಇವತ್ತು ಏಕ್‌ದಂ ಸತ್ತಿದೆ ಅಂದಾಗ ನಾನು ಮೊದ್ಲು ನೋಡೋದು ಈ ಕೇಬಲ್‌ನೇ, ಒಬ್ಬರು ಲಿವರ್ ಒತ್ಲಿ, ಇನ್ನೊಬ್ಬರು ಇಂಜಿನ್ ಹತ್ರ ಬಗ್ಗಿ ತುದಿ ಪೂರ್ತಿ ಸರೀತಿದ್ಯಾ ನೋಡ್ಲಿ. ಆಮೇಲೆ ಪ್ಲಗ್ ಕ್ಯಾಪ್ ಸಡಿಲ ಇದ್ಯಾ ನೋಡಿ. ಕೆಲವು ಇಂಜಿನ್‌ಗಳಲ್ಲಿ ಆಯಿಲ್ ಕಮ್ಮಿಯಾದ್ರೆ ಕಿಡಿ ನಿಲ್ಸೋ ಸೆನ್ಸರ್ ಇರತ್ತೆ, ಅದಕ್ಕೆ ಆಯಿಲ್ ಮಟ್ಟ ಅಳೆಯೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್, ಒಂದ್ಸಲ ಎಳೆದು ನೋಡಿ.

ಕಿಡಿ ಟೆಸ್ಟ್ ಮಾಡುವಾಗಲೂ ಈ ಲಿವರ್ ಒತ್ತಿ ಹಿಡಿದಿರಬೇಕು. ಇದೊಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ಒಳ್ಳೇ ಕಾಯಿಲ್ ತೆಗೆದು ಹೊಸದು ಹಾಕಿಸಿರ್ತಾರೋ, ಬೇಜಾರಾಗತ್ತೆ. ಇನ್‌ಲೈನ್ ಸ್ಪಾರ್ಕ್ ಟೆಸ್ಟರ್ ಅಂತ ಸಿಗತ್ತೆ, ಪ್ಲಗ್ ಮತ್ತೆ ಕ್ಯಾಪ್ ಮಧ್ಯ ಸಿಕ್ಕಿಸಿದ್ರೆ ಬಲ್ಬ್ ಮಿನುಗತ್ತೆ, ಅದೇ ಸುರಕ್ಷಿತ. ಪ್ಲಗ್ ಹೊರಗೆ ತೆಗೆದು ಇಂಜಿನ್ ಮೈಗೆ ತಾಗಿಸಿ ನೋಡೋ ಹಳೇ ವಿಧಾನ ಮಾಡೋದಾದ್ರೆ ಪ್ಲಗ್ ತೂತಿಂದ ದೂರ ಹಿಡೀರಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರತ್ತೆ, ಕೈಯಲ್ಲಿ ಬರಿಗೈಲಿ ಹಿಡೀಬೇಡಿ, ಇನ್ಸುಲೇಷನ್ ಇರೋ ಕಟಿಂಗ್ ಪ್ಲೇಯರ್‌ನಲ್ಲಿ ಹಿಡೀರಿ. ಹಗ್ಗ ಜೋರಾಗಿ ಎಳೀಬೇಕು, ಮೆತ್ತಗೆ ಎಳೆದ್ರೆ ಮ್ಯಾಗ್ನೆಟ್ ಸಾಕಷ್ಟು ವೇಗದಲ್ಲಿ ಹಾದು ಹೋಗಲ್ಲ, ಕಿಡಿನೂ ಹುಟ್ಟಲ್ಲ.

ಕಿಡಿ ಇಲ್ಲ ಅಂದ್ರೆ ಬೇರೆ ಪ್ಲಗ್ ಹಾಕಿ ನೋಡಿ, ಗ್ಯಾಪ್ ಸಾಮಾನ್ಯವಾಗಿ 0.7 ರಿಂದ 0.8 ಮಿ.ಮೀ. ಇರಬೇಕು. ಆಗ್ಲೂ ಇಲ್ಲ ಅಂದ್ರೆ ಕಾಯಿಲ್‌ನಿಂದ ಲಿವರ್ ಕಡೆ ಹೋಗೋ ತೆಳ್ಳನೆ ಸ್ಟಾಪ್ ವೈರ್ ಬಿಚ್ಚಿ ಟೆಸ್ಟ್ ಮಾಡಿ. ಈಗ ಕಿಡಿ ಬಂತು ಅಂದ್ರೆ ಕಾಯಿಲ್ ಚೆನ್ನಾಗಿದೆ, ಆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗ್ತಿದೆ. ಟೆಸ್ಟ್ ಆದ್ಮೇಲೆ ವೈರ್ ವಾಪಸ್ ಹಾಕೋದು ಮರೀಬೇಡಿ, ಬಿಚ್ಚಿಟ್ಟು ಓಡಿಸಿದ್ರೆ ಲಿವರ್ ಬಿಟ್ಟಾಗ ಕಿಡಿ ಕಟ್ ಆಗಲ್ಲ. ಆಗ್ಲೂ ಕಿಡಿ ಬರ್ಲಿಲ್ಲ ಅಂದ್ರೆ ಕಾಯಿಲ್ ಮತ್ತೆ ಫ್ಲೈವೀಲ್ ನಡುವಿನ ಗ್ಯಾಪ್ ನೋಡಿ, ಬಹಳಷ್ಟು ಇಂಜಿನ್‌ಗಳಲ್ಲಿ ಅದು ಸುಮಾರು 0.25 ರಿಂದ 0.35 ಮಿ.ಮೀ., ಒಂದು ವಿಸಿಟಿಂಗ್ ಕಾರ್ಡ್ ದಪ್ಪ. ಮ್ಯಾಗ್ನೆಟ್ ಮೇಲೆ, ಕಾಯಿಲ್ ಕಾಲಿನ ಮೇಲೆ ತುಕ್ಕು ಇದ್ರೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಕಾರ್ಡ್ ಮಧ್ಯೆ ಇಟ್ಟು, ಕಾಯಿಲ್ ಸ್ಕ್ರೂ ಸಡಿಲ ಮಾಡಿದ್ರೆ ಮ್ಯಾಗ್ನೆಟ್ ತಾನೇ ಎಳ್ಕೊಳ್ಳತ್ತೆ, ಹಾಗೇ ಟೈಟ್ ಮಾಡಿ ಕಾರ್ಡ್ ಎಳೀರಿ. ಇಷ್ಟೆಲ್ಲಾ ಆದ್ಮೇಲೂ ಕಿಡಿ ಇಲ್ಲ ಅಂದ್ರೆ ಆಗ ಕಾಯಿಲ್ ತಗೊಳ್ಳಿ, ಅದಕ್ಕೂ ಮುಂಚೆ ಬೇಡ.

ಇನ್ನೊಂದು ಕಥೆ ಇದೆ, ಇದು ಸ್ವಲ್ಪ ತಲೆ ತಿನ್ನೋದು. ಚೆನ್ನಾಗಿ ಸ್ಟಾರ್ಟ್ ಆಗತ್ತೆ, ಒಂದಷ್ಟು ಹೊತ್ತು ಓಡತ್ತೆ, ಆಮೇಲೆ ನಿಂತುಬಿಡತ್ತೆ, ಎಷ್ಟು ಎಳೆದ್ರೂ ಇಲ್ಲ, ಅರ್ಧ ಗಂಟೆ ಬಿಟ್ಟು ಬಂದ್ರೆ ಮತ್ತೆ ಒಂದೇ ಎಳೆತಕ್ಕೆ ಸ್ಟಾರ್ಟ್. ಇದಕ್ಕೆ ಮುಖ್ಯವಾಗಿ ಎರಡು ಕಾರಣ ಇರತ್ತೆ, ಎರಡೂ ಒಂದೇ ತರ ಕಾಣತ್ತೆ, ನಿಂತ ಆ ಕ್ಷಣದಲ್ಲೇ ನೋಡಿದ್ರೆ ಮಾತ್ರ ಬೇರೆ ಮಾಡೋಕಾಗತ್ತೆ. ಒಂದು, ಪೆಟ್ರೋಲ್ ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಹೋಗೋಕೆ ಇರೋ ಸಣ್ಣ ತೂತು ಧೂಳು ಕಟ್ಟಿ ಮುಚ್ಚಿರತ್ತೆ, ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರದೆ ಟ್ಯಾಂಕ್‌ನಲ್ಲಿ ನಿರ್ವಾತ ಆಗಿ ಪೆಟ್ರೋಲ್ ಇಳಿಯೋದೇ ನಿಲ್ಲತ್ತೆ. ಎರಡು, ಕಾಯಿಲ್ ಬಿಸಿಯಾದಾಗ ಒಳಗಿನ ಸುತ್ತು ಬಿಟ್ಕೊಂಡು ಕಿಡಿ ಹೋಗತ್ತೆ, ತಣ್ಣಗಾದ್ರೆ ಕೂಡ್ಕೊಳ್ಳತ್ತೆ. ಹಾಗಾಗಿ ನಿಂತ ತಕ್ಷಣ ಮುಚ್ಚಳ ನಿಧಾನಕ್ಕೆ ತಿರುಗಿಸಿ, ಹತ್ರ ಕಿಡಿ ಬೆಂಕಿ ಇಲ್ಲದ ಹಾಗೆ, ಸುಸ್ ಅಂತ ಗಾಳಿ ಒಳಗೆ ಎಳ್ಕೊಂಡ ಸದ್ದು ಬಂದು, ಮುಚ್ಚಳ ವಾಪಸ್ ಹಾಕಿ ಎಳೆದಾಗ ಸ್ಟಾರ್ಟ್ ಆದ್ರೆ ಮುಚ್ಚಳದ್ದೇ ತಪ್ಪು. ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಬಿಸಿ ಆರೋಕೂ ಮುಂಚೆ ಸ್ಪಾರ್ಕ್ ಟೆಸ್ಟರ್ ಹಾಕಿ. ತಣ್ಣಗಾದ್ಮೇಲೆ ಮೆಕ್ಯಾನಿಕ್ ಹತ್ರ ತಗೊಂಡ್ ಹೋದ್ರೆ ಅಲ್ಲಿ ಅದು ಚೆನ್ನಾಗೇ ಓಡತ್ತೆ, ಅವರು ಏನೂ ಪ್ರಾಬ್ಲಂ ಇಲ್ಲ ಅಂತ ವಾಪಸ್ ಕಳಿಸ್ತಾರೆ, ಅವರ ತಪ್ಪೂ ಅಲ್ಲ.

ಚೋಕ್ ಹಾಕಿ ಎಳೆದೂ ಎಳೆದೂ ಪೆಟ್ರೋಲ್ ವಾಸನೆ ಗಮ್ ಅಂತ ಬರ್ತಿದ್ರೆ ಇಂಜಿನ್ ಫ್ಲಡ್ ಆಗಿದೆ, ಅಂದ್ರೆ ಒಳಗೆ ಪೆಟ್ರೋಲ್ ಜಾಸ್ತಿ ತುಂಬಿದೆ, ಇನ್ನೂ ಎಳೀಬೇಡಿ. ಚೋಕ್ ತೆಗೆದು, ಪ್ಲಗ್ ಬಿಚ್ಚಿ ಒರೆಸಿ, ಒಂದು ಹದಿನೈದು ನಿಮಿಷ ತೆರೆದಿಟ್ಟು ಆಮೇಲೆ ಚೋಕ್ ಇಲ್ದೇನೇ ಎಳೀರಿ. ಈಚಿನ ಎಷ್ಟೋ ಇಂಜಿನ್‌ಗಳಲ್ಲಿ ಚೋಕ್ ಆಟೋಮ್ಯಾಟಿಕ್, ನಿಮ್ಮ ಕೈಲಿ ಲಿವರ್ ಇರಲ್ಲ. ಏರ್ ಫಿಲ್ಟರ್ ಕವರ್ ತೆಗೆದು ಒಳಗಿನ ಚಿಟ್ಟೆ ತಗಡು ತಣ್ಣಗಿದ್ದಾಗ ಮುಚ್ಚಿದ್ಯಾ, ಬಿಸಿಯಾದ್ಮೇಲೆ ತೆರೆದಿದ್ಯಾ ಅಂತ ಕಣ್ಣಾರೆ ನೋಡಿ, ಧೂಳು ಹುಲ್ಲು ಸಿಕ್ಕಿ ಅರ್ಧಕ್ಕೆ ನಿಂತಿರತ್ತೆ. ಕವರ್ ತೆಗೆದಾಗಲೇ ಫಿಲ್ಟರ್‌ನೂ ನೋಡ್ಕೊಳ್ಳಿ, ಸ್ಪಾಂಜ್ ಆದ್ರೆ ಸೋಪ್ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಕೆಲವೇ ಹನಿ ಆಯಿಲ್ ಹಾಕಿ ಹಿಂಡಿ, ಪೇಪರ್ ಆದ್ರೆ ಮೆಲ್ಲಗೆ ತಟ್ಟಿ, ನೀರೂ ಬೇಡ ಕಂಪ್ರೆಸರ್ ಗಾಳಿನೂ ಬೇಡ.

ಮೇಲೆ ಕೂತು ಓಡಿಸೋ ದೊಡ್ಡ ಮೆಷಿನ್ ಆದ್ರೆ ಸ್ವಿಚ್‌ಗಳ ಕಾಟ ಜಾಸ್ತಿ. ಸೀಟ್ ಕೆಳಗೊಂದು, ಬ್ರೇಕ್ ಪೆಡಲ್ ಹತ್ರ ಒಂದು, ಬ್ಲೇಡ್ ಆನ್ ಮಾಡೋ ಕಡೆ ಒಂದು, ಇದರಲ್ಲಿ ಒಂದು ಕೈ ಕೊಟ್ರೂ ಕೀ ತಿರುಗಿಸಿದ್ರೆ ಏನೂ ಆಗಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಇದ್ರೆ ಸುಮಾರು 12.6 ವೋಲ್ಟ್ ತೋರಿಸತ್ತೆ, 12ಕ್ಕಿಂತ ಕೆಳಗಿದ್ರೆ ಮೊದ್ಲು ಚಾರ್ಜ್ ಮಾಡಿ. ಬರೀ ಟಕ್ ಅಂತ ಒಂದು ಸದ್ದು ಬಂದು ನಿಂತ್ರೆ ಬ್ಯಾಟರಿ ಟರ್ಮಿನಲ್ ಕ್ಲೀನ್ ಮಾಡಿ, ಆಮೇಲೆ ಸ್ಟಾರ್ಟರ್‌ಗೆ ಕರೆಂಟ್ ಬಿಡೋ ಸ್ವಿಚ್, ಅಂದ್ರೆ ಸಾಲೆನಾಯ್ಡ್ ನೋಡಿ.

ಪೆಟ್ರೋಲ್ ಹೊಸದು, ಕಿಡಿ ಚೆನ್ನಾಗಿದೆ, ಕೀ ನೇರ ಇದೆ, ಪ್ಲಗ್ ನೆನೀತಿದೆ, ಆದ್ರೂ ಇಲ್ಲ ಅಂದ್ರೆ ಉಳಿಯೋದು ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿ ಅದುಮೋ ಒತ್ತಡ. ಪ್ಲಗ್ ಅದರ ಜಾಗದಲ್ಲೇ ಇರ್ಲಿ, ವೈರ್ ಮಾತ್ರ ಬಿಚ್ಚಿ, ಲಿವರ್ ಒಬ್ಬರು ಹಿಡಿದಿರ್ಲಿ, ಮೇಲಿನ ಕವರ್ ತೆಗೆದು ಫ್ಲೈವೀಲನ್ನ ಮಾಮೂಲಿ ತಿರುಗೋ ದಿಕ್ಕಿಗೆ ವಿರುದ್ಧವಾಗಿ ಕೈಯಲ್ಲಿ ಜೋರಾಗಿ ತಿರುಗಿಸಿ. ಗಾಳಿ ಅದುಮಿ ಫ್ಲೈವೀಲ್ ಪಟ್ ಅಂತ ವಾಪಸ್ ಪುಟಿಯಬೇಕು. ಸಡಿಲವಾಗಿ ಸುತ್ತಿಹೋದ್ರೆ ಎಲ್ಲೋ ಗಾಳಿ ಸೋರ್ತಿದೆ. ಗೇಜ್ ಹಾಕಿ ಅಳೆದ್ರೆ ಇಂಥ ಇಂಜಿನ್‌ಗಳಲ್ಲಿ ಕಮ್ಮಿ ತೋರಿಸೋದು ಸಹಜ, ಹಗ್ಗ ಎಳೆಯೋಕೆ ಸುಲಭ ಆಗ್ಲಿ ಅಂತ ಸ್ಟಾರ್ಟ್ ಆಗೋವರೆಗೂ ವಾಲ್ವ್, ಅಂದ್ರೆ ಸಿಲಿಂಡರ್‌ಗೆ ಗಾಳಿ ಹೋಗಿ ಹೊಗೆ ಬರೋ ಬಾಗಿಲು, ಸ್ವಲ್ಪ ತೆರೆದಿಡೋ ಏರ್ಪಾಡು ಎಷ್ಟೋ ಇಂಜಿನ್‌ಗಳ ಒಳಗೆ ಇರತ್ತೆ, ಆ ನಂಬರ್ ನೋಡಿ ಹೆದರಬೇಡಿ. ಬಹಳ ದಿನ ನಿಂತಿದ್ದ ಮೆಷಿನ್ ಆದ್ರೆ ವಾಲ್ವ್ ಅಂಟ್ಕೊಂಡು ತೆರೆದೇ ನಿಂತಿರಬಹುದು, ಇದನ್ನ ಬಿಡಿಸಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಹೆಡ್ ಬಿಚ್ಚಿ ಹೊಸದು ಹಾಕಬಹುದು, ವಾಲ್ವ್ ಕ್ಲಿಯರೆನ್ಸ್, ಅಂದ್ರೆ ವಾಲ್ವ್‌ಗೆ ಬಿಟ್ಟಿರೋ ಸಣ್ಣ ಸಂದು, ಬಿಗಿಯಾಗಿದ್ರೆ ಮ್ಯಾನುಯಲ್ ಅಳತೆಗೆ ಸೆಟ್ ಮಾಡಬಹುದು. ಪಿಸ್ಟನ್ ರಿಂಗ್, ಸಿಲಿಂಡರ್ ಸವೆದಿದ್ರೆ ಮಾತ್ರ ಖರ್ಚಿಗೆ ತಕ್ಕ ಬೆಲೆ ಇದ್ಯಾ ಅಂತ ಲೆಕ್ಕ ಹಾಕೋ ಹೊತ್ತು. ಅಲ್ಲೀವರೆಗೂ ಮೆಷಿನ್ ಕೈ ಬಿಡೋಕೆ ಕಾರಣನೇ ಇಲ್ಲ.

ಸರಿ ಮಾಡಿ ಓಡಿಸಿ ಸೀಸನ್ ಮುಗಿದ್ಮೇಲೆ ಒಳಗೆ ಇಡುವಾಗ ಎರಡರಲ್ಲಿ ಒಂದು ದಾರಿ ಹಿಡೀರಿ. ಒಂದೋ ಹೊಸ ಪೆಟ್ರೋಲ್‌ಗೆ ಸ್ಟೆಬಿಲೈಜರ್ ಬೆರೆಸಿ ಟ್ಯಾಂಕ್ ತುಂಬಿ, ಬಯಲಲ್ಲಿ ಐದ್ಹತ್ತು ನಿಮಿಷ ಓಡಿಸಿ, ಆ ಮಿಶ್ರಣ ಕಾರ್ಬೊರೇಟರ್ ಒಳಗೂ ಹೋಗ್ಬೇಕು, ಬರೀ ಟ್ಯಾಂಕ್‌ನಲ್ಲಿದ್ರೆ ಸಾಲದು. ಇಲ್ಲ ಅಂದ್ರೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸಿ, ತಣ್ಣಗಾದ್ಮೇಲೆ ಬಟ್ಟಲಿನ ತಳದ ಬೋಲ್ಟ್ ಸಡಿಲ ಮಾಡಿ ಉಳಿದ ನಾಲ್ಕು ಹನಿನೂ ಇಳಿಸಿ. ತಾನಾಗೇ ನಿಂತಿತಲ್ಲ ಖಾಲಿ ಆಯ್ತು ಅಂದ್ಕೊಂಡು ಜನ ಇಲ್ಲಿಗೇ ಬಿಡ್ತಾರೆ, ಜೆಟ್ ಕಟ್ಟೋದು ಆ ಉಳಿದ ನಾಲ್ಕು ಹನಿಯಿಂದಾನೇ.